ಕಾಕಾರ ಎದುರಿಗೇ ಸ್ಕ್ರೀನ್ ಲಾಕ್ ಮಾಡಿದೆ

ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿರುವ ಗೆಳೆಯರೇ, ನಿಮಗೂ ಹೀಗಾಗಿದೆಯೇ ಹೇಳಿ. ರಾಣೆಬೆನ್ನೂರಿನ ನಮ್ಮ ಬೀಜದ ಕಂಪನಿಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಸುರಕ್ಷತೆಯ ನಿಯಮಗಳನ್ನು ಸಣ್ಣ ಕಾರ್ಡಿನಲ್ಲಿ ಬರೆದು ಎಲ್ಲರ ಮೇಜಿಗೂ ಅಂಟಿಸಿದ್ದೇನೆ. ಮೊದಲನೆಯದೇ, ಕುರ್ಚಿಯಿಂದ ಏಳುವಾಗ ಸ್ಕ್ರೀನ್ ಲಾಕ್ ಮಾಡಿ ಎಂಬುದು.

ಇವತ್ತು ಹಲಗೇರಿಯ ಬಸಪ್ಪ ಕಾಕಾ ಬಂದಿದ್ದರು. ಬಹಳ ವರ್ಷಗಳಿಂದ ನಮಗೆ ಮೆಣಸಿನಕಾಯಿ ಬೀಜ ಬೆಳೆದುಕೊಡುವ ಹಿರಿಯರು. ಅವರನ್ನು ಕೂರಿಸಿ ಚಹಾ ಹೇಳಲು ಎದ್ದೆ. ಕೈ ತಾನಾಗಿಯೇ ಲಾಕ್ ಮಾಡಿತು. ಅವರು ನೋಡಿಬಿಟ್ಟರು.

"ಯಾಕವಾ, ನನ್ನ ಕಂಡು ಲಾಕ್ ಮಾಡಿದಿ? ನಾ ಏನ್ ಕಳ್ಳನೇನು?"

"ಹಂಗಲ್ರಿ ಕಾಕಾರ, ಯಾರ ಬಂದ್ರೂ ಮಾಡತೇವಿ."

"ಇಷ್ಟ್ ವರ್ಷ ಆದಮ್ಯಾಲೆ ನಾನೂ ಯಾರೋ ಒಬ್ಬ ಆದೆ. ಚಹಾ ಬ್ಯಾಡ. ಈ ವರ್ಷ ಬ್ಯಾರೆ ಕಂಪನಿಗೆ ಬೆಳೀತೇನಿ."

ಟವೆಲ್ ಹೆಗಲಿಗೆ ಹಾಕಿ ಎದ್ದೇಬಿಟ್ಟರು. ಅವರು ಹೋದರೆ ಅರ್ಧ ಊರೇ ಅವರ ಹಿಂದೆ ಹೋಗುತ್ತದೆ.

"ಇದರಾಗ ನಿಮ್ಮ ಹೊಲ, ಇಳುವರಿ ಎಲ್ಲಾ ಐತ್ರಿ. ನಾ ಅತ್ತಾಗ ಹೋದಾಗ ಯಾರರ ನೋಡಿದ್ರ?" ಎಂದೆ.

ಬಾಗಿಲಲ್ಲೇ ನಿಂತರು. "ಬದುವಿನಾಚಿ ಹೊಲದ ನಮ್ಮ ತಮ್ಮಂದೂ ಇದರಾಗ ಐತೇನು? ಅವನ ಇಳುವರಿ ಎಷ್ಟೈತಿ, ಒಂದೀಟ ತೋರಸು."

"ತೋರಸಾಕ ಬರಂಗಿಲ್ರಿ."

"ಅವ ಬಂದು ನಂದು ಕೇಳಿದ್ರ?"

"ಅವ್ರಿಗೂ ಇಲ್ರಿ."

ಕಾಕಾ ತಿರುಗಿ ಬಂದು ಕುಳಿತರು. "ಚಹಾ ತರಸು, ಸಕ್ಕರಿ ಕಡಿಮಿ. ಅವ ಬಂದಾಗ ಎರಡ್ ಸಲ ಲಾಕ್ ಮಾಡು."

ಪಾಸ್‌ವರ್ಡ್ ಮುಚ್ಚಿಡಿ ಎಂದು ಗೋಗರೆಯುವ ನಮ್ಮ ಕೆಲಸ ಎಷ್ಟು ಹಗುರವಾಗುತ್ತಿತ್ತು, ಪ್ರತಿಯೊಬ್ಬ ನೌಕರನಿಗೂ ಹೊಲದ ಬದುವಿನಾಚೆ ಒಬ್ಬ ತಮ್ಮನಿದ್ದಿದ್ದರೆ.