ಒಂದಕ್ಕೆ ಮೂರು

ಇದು ಎರಡು ಸಾವಿರದ ಆರರಲ್ಲಿ ನಡೆದದ್ದೆಂದು ಬಹುಕಾಲ ನಂಬಿದ್ದೆ. ಸೋದರಳಿಯ ಬಿಡದಿಯ ಕಾರ್ಖಾನೆಗೆ ಸೇರಿದ್ದೇ ಅದರ ಮರುವರ್ಷವೆಂದು ತಿಳಿದ ಮೇಲೆ ಏಳೆಂದು ತಿದ್ದಿಕೊಂಡಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲೇ ಆಯುಸ್ಸು ಕಳೆದವನು ನಾನು.

ಆಗ ವಿರೂಪಾಕ್ಷಿಪುರದ ಬಳಿಯ ಅಕ್ಕನ ಮನೆಗೆ ಹೋಗಿದ್ದೆ. ಹೊಟ್ಟೆಯುಬ್ಬರದಿಂದ ಆಕೆ ತಿಂಗಳುಗಟ್ಟಲೆ ನೆಮ್ಮದಿಯಾಗಿ ಉಂಡಿರಲಿಲ್ಲ. ಚನ್ನಪಟ್ಟಣದ ವೈದ್ಯರ ಮಾತ್ರೆಗಳೂ ಫಲಿಸಿರಲಿಲ್ಲ. ಕಾರ್ಖಾನೆಗೆ ಬಂದಿದ್ದ ವಿದೇಶಿ ತಂತ್ರಜ್ಞನೊಬ್ಬ ಹೊಟ್ಟೆಗೆ ಒಳ್ಳೆಯದೆಂದು ಕೊಟ್ಟ ಓರೆಗಾನೋ ಎಂಬ ಸೊಪ್ಪಿನ ಎಣ್ಣೆಯ ಪುಟ್ಟ ಶೀಸೆಯನ್ನು ಅವಳ ಮಗ ನನ್ನ ಮುಂದಿಟ್ಟ. ಮುಚ್ಚಳ ತೆರೆದರೆ ದೊಡ್ಡಪತ್ರೆಯನ್ನೂ ಓಂಕಾಳನ್ನೂ ಒಟ್ಟಿಗೆ ಜಜ್ಜಿದಂಥ ಘಾಟು.

“ಮಾವ, ಅವ್ವಂಗೆ ಎಷ್ಟು ಹನಿ ಕೊಡಾದು? ಒಸಿ ನೋಡೇಳಿ.”

ಲೇಬಲ್ಲಿನ ಮೇಲೆ ‘1:3’ ಎಂದಷ್ಟೇ ಇತ್ತು. ಒಂದು ಪಾಲು ಸಾರಕ್ಕೆ ಮೂರು ಪಾಲು ಬೇರೆ ಎಣ್ಣೆಯನ್ನು ಬೆರೆಸಿಯೇ ತುಂಬಿದ್ದಾರೆಯೆ, ಅಥವಾ ಹಾಗೆ ಬೆರೆಸಿಕೊಳ್ಳಿರೆಂದು ನಮಗೆ ಹೇಳುತ್ತಿದ್ದಾರೆಯೆ? ಬೆರೆಸಿದ್ದರೆ ಶೀಸೆಯಲ್ಲಿರುವುದು ಕಾಲುಭಾಗ ಸಾರ. ಇಲ್ಲದಿದ್ದರೆ ಇಡಿಯಾಗಿ ಸಾರವೇ. ಆ ಸಾರದ ತೀಕ್ಷ್ಣತೆಯಂತೂ ಎಲ್ಲಿಯೂ ನಮೂದಾಗಿರಲಿಲ್ಲ. ಶೀಸೆ ಬಂದ ರಟ್ಟಿನ ಡಬ್ಬಿ ಎಲ್ಲಿ ಎಂದು ಅಳಿಯನನ್ನು ಕೇಳಿದೆ. ಎಸೆದಿದ್ದನಂತೆ.

“ನಮ್ ಶೆಡ್ಡಿನ ಪ್ಲಾಸ್ಟ್ರಿಂಗ್ ಇದ್ದಂಗೈತೆ ಮಾವ. ಸಿಮೆಂಟೊಂದು, ಮರಳು ಮೂರು,” ಎಂದು ಅಳಿಯ ನಕ್ಕ.

“ಥೂ, ನಿನ್ ಸಿಮೆಂಟ್ಗಿಷ್ಟು! ಮಜ್ಜಿಗೆ ಕಣ್ಲಾ ಅದು. ಮೊಸರೊಂದು, ನೀರು ಮೂರು. ಇದ್ಕೂ ನಿಮ್ಮಾವ ಕನ್ನಡಕ ಹಾಕ್ಕಬೇಕಾ?” ಎಂದು ಅಕ್ಕ ಶೀಸೆಯನ್ನು ಕಿತ್ತುಕೊಂಡು ಅಡುಗೆಮನೆಗೆ ನಡೆದಳು.

“ತಡಿಯಕ್ಕ, ಯಾರನ್ನಾದರೂ ವಿಚಾರಿಸ್ತೀನಿ.”

“ನೀನು ವಿಚಾರ್ಸೋ ಹೊತ್ಗೆ ನನ್ ಹೊಟ್ಟೆ ಒಡ್ದೋಯ್ತದೆ!”

ನಾನು ಎದ್ದು ಹೋಗುವಷ್ಟರಲ್ಲಿ ಒಂದು ಚಮಚಕ್ಕೆ ಮೂರು ಚಮಚ ನೀರು ಹೊಯ್ದು ಕುಡಿದೇಬಿಟ್ಟಿದ್ದಳು. ಎಣ್ಣೆ ನೀರಿಗೆ ಬೆರೆತಿರಲಿಲ್ಲ. ಮೇಲೆ ತೇಲುತ್ತಿದ್ದುದಷ್ಟೂ ಮೊದಲು ನಾಲಗೆಗೆ ತಗುಲಿತ್ತು. ಲೋಟ ಬಿತ್ತು. “ಉರಿ, ಉರಿ” ಎನ್ನುತ್ತ ಗಂಟಲು ಹಿಡಿದು ಕುಳಿತಳು.

ಅಳಿಯ ಅವಳ ಬಾಯಿಗೆ ಮೊಸರು ಹಾಕಿದ. ನಾನು ವೈದ್ಯರಿಗೆ ಫೋನು ಮಾಡಿದೆ.

“ಎಷ್ಟು ಪರ್ಸೆಂಟಿನ ಎಣ್ಣೆ ಸಾರ್?”

ಶೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ತಯಾರಾದ ತಿಂಗಳಿತ್ತು, ವರ್ಷವಿತ್ತು, ಅವಧಿ ಮುಗಿಯುವ ದಿನವೂ ಇತ್ತು.

“ಒಂದಕ್ಕೆ ಮೂರು,” ಎಂದೆ.

“ಯಾವುದಕ್ಕೆ ಯಾವುದು?”

ನಾನು ಶೀಸೆಯನ್ನು ಮತ್ತೊಮ್ಮೆ ತಿರುಗಿಸಿದೆ. “ಶೀಸೆ ಸಮೇತ ಅವರನ್ನ ಬೇಗ ಕರ್ಕೊಂಡು ಬನ್ನಿ,” ಎಂದರು ವೈದ್ಯರು. ಅಳಿಯ ಆಟೋ ತರಲು ಓಡಿದ.

ಏನಂತೆ ಎಂದು ಅಕ್ಕ ಕಣ್ಣಲ್ಲೇ ಕೇಳಿದಳು.

“ಎಷ್ಟು ಅಂತ ಕೇಳ್ತಿದ್ದಾರಕ್ಕ.”

ಬಾಯಿ ತುಂಬ ಮೊಸರು, ಕಣ್ಣು ತುಂಬ ನೀರು. ಅಷ್ಟೂ ಗೊತ್ತಿಲ್ಲವೇ ಎನ್ನುವಂತೆ ಅವಳು ಮೊದಲು ಒಂದು ಬೆರಳೆತ್ತಿದಳು, ಆಮೇಲೆ ಮೂರು.