ಎಣ್ಣೆ ಮಿಲ್ಲಿನ ಗೋಡೆಯ ಕುರಿಗಳು

ಸತ್ತವರು ಕಾಣಿಸಿಕೊಳ್ಳುತ್ತಾರೆ, ಮುಂದಾಗುವುದು ಕೆಲವರಿಗೆ ಮೊದಲೇ ತಿಳಿಯುತ್ತದೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ, ನಂಬುವ ಮನಸ್ಸೂ ಇರಲಿಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಆದರೆ ಮಕ್ಕಳೇ, ನಿಮ್ಮ ತಾತ ಗೋಡೆ ಕಂಡಲ್ಲೆಲ್ಲ ಯಾಕೆ ನಿಲ್ಲುತ್ತಿದ್ದರು ಎಂದು ನೀವು ಬಹಳ ಸಲ ಕೇಳಿದ್ದೀರಿ. ಹೇಳದೆ ಹೋದರೆ ನನಗೂ ಸಮಾಧಾನವಿಲ್ಲ.

ಮದುವೆಯಾಗಿ ಚಿತ್ರದುರ್ಗಕ್ಕೆ ಬಂದಾಗ ನಾನು ನಮ್ಮೂರು ಹರಿಯಬ್ಬೆ ಬಿಟ್ಟು ದೂರ ಹೋದವಳೇ ಅಲ್ಲ. ಕುರಿ ಕಾಯುವ ಮನೆಯ ಹುಡುಗಿ, ಊರ ಶಾಲೆಯಲ್ಲಿ ಕಲಿತದ್ದಷ್ಟೇ ಓದು. ನಿಮ್ಮ ತಾತ ಅಂಗಡಿಗಳ ಬೋರ್ಡು, ಗೋಡೆ ಬರಹ ಬರೆಯುತ್ತಿದ್ದರು. ಸಂಜೆ ನನ್ನನ್ನು ಪೇಟೆಗೆ ಕರೆದುಕೊಂಡು ಹೋದರೆ ಬಟ್ಟೆ ಅಂಗಡಿ ತೋರಿಸುತ್ತಿರಲಿಲ್ಲ, ಗೋಡೆ ತೋರಿಸುತ್ತಿದ್ದರು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ದುರ್ಗದಲ್ಲಿ ಖಾಲಿ ಗೋಡೆಯೇ ಇರಲಿಲ್ಲ. ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಚುನಾವಣೆಯ ಗುರುತು, ಬೀಡಿ ಜಾಹೀರಾತು, ಅವುಗಳ ಸಂದಿಯಲ್ಲಿ ಯಾರೋ ಇದ್ದಿಲಿನಿಂದ ಗೀಚಿದ ಹೆಸರು, ಬೈಗುಳ, ನವಿಲು, ಕುಸ್ತಿಪಟು. ಬರೆದವರು ಯಾರೆಂದು ಅವರು ಅಕ್ಷರ ನೋಡಿಯೇ ಹೇಳುತ್ತಿದ್ದರು. ಒಬ್ಬನ ಕೈ ಎಡಕ್ಕೆ ವಾಲುತ್ತದೆ, ಇನ್ನೊಬ್ಬ ಒತ್ತಕ್ಷರ ಬಂದರೆ ಹೆದರುತ್ತಾನೆ.

"ನೋಡೇ, ಈ 'ಕ' ಬರೆದೋನಿಗೆ ಹೊಟ್ಟೆ ಹಸಿದಿತ್ತು," ಎಂದರು ಒಂದು ದಿನ.

"ನನಗೂ ಹಸಿದೈತೆ, ಮನೆಗೆ ಹೋಗಾಣ," ಎಂದೆ. ಬೀದಿಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರು ನಗುತ್ತಲೇ ಮನೆಯವರೆಗೂ ಬಂದರು.

ಗೋಡೆ ಬರೆಯುವವರಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬನು ಬರೆದದ್ದರ ಕೆಲಸ ಮುಗಿಯುವ ತನಕ, ಚುನಾವಣೆಯದ್ದಾದರೆ ಓಟು ಮುಗಿಯುವ ತನಕ, ಇನ್ನೊಬ್ಬ ಅದರ ಮೇಲೆ ಕುಂಚ ಆಡಿಸುತ್ತಿರಲಿಲ್ಲ. ಅವರವರಲ್ಲಿ ಎಷ್ಟೇ ಜಗಳವಿದ್ದರೂ ಇದನ್ನು ಮೀರುತ್ತಿರಲಿಲ್ಲ.

ಆ ವರ್ಷ ನನ್ನ ಅಪ್ಪ ಎಂದಿನಂತೆ ಗದ್ದೆ ಕುಯ್ಲಾದ ಮೇಲೆ ಕುರಿ ಹೊಡೆದುಕೊಂಡು ಭದ್ರಾ ಸೀಮೆಯ ಕಡೆ ಹೋಗಿದ್ದ. ಜೊತೆಗೆ ಹೋಗಬೇಕಿದ್ದ ನನ್ನ ಅಣ್ಣ ಜ್ವರ ಬಂದು ಊರಲ್ಲೇ ಉಳಿದಿದ್ದ. ಯುಗಾದಿಗೆ ವಾಪಸು ಬರಬೇಕಾದ ಅಪ್ಪ ಬರಲಿಲ್ಲ, ಸುದ್ದಿಯೂ ಇಲ್ಲ. ಅಣ್ಣ ಹೊಳಲ್ಕೆರೆ, ಹೊಸದುರ್ಗದ ಕಡೆಯೆಲ್ಲ ಪ್ರತಿವರ್ಷ ಮಂದೆ ನಿಲ್ಲಿಸುವ ಹೊಲಗಳಲ್ಲಿ ಹುಡುಕಿ, ಕಾಲು ಊದಿಸಿಕೊಂಡು ನಮ್ಮ ಮನೆಗೆ ಬಂದ. ಜೊತೆಗೆ ಅಮ್ಮನೂ ಬಂದಳು. ಊರಿನವರು ಆಗಲೇ ಆಕೆಯ ಬಳೆ ನೋಡಿ ಮಾತಾಡತೊಡಗಿದ್ದರಂತೆ. ಅದನ್ನು ತಾಳಲಾರದೆ ಊರು ಬಿಟ್ಟು ಬಂದಿದ್ದಳು.

ಮಾರನೆಯ ಬೆಳಿಗ್ಗೆ ನಾನು ಬೀದಿ ನಲ್ಲಿಗೆ ಕೊಡ ತೆಗೆದುಕೊಂಡು ಹೋದೆ. ನಲ್ಲಿಯ ಎದುರಿಗೆ ಎಣ್ಣೆ ಮಿಲ್ಲಿನ ಉದ್ದ ಗೋಡೆ. ಹಿಂದಿನ ಸಂಜೆ ಅಲ್ಲಿ ಬರಿ ಸುಣ್ಣವಿತ್ತು. ಈಗ ಒಂದು ಕುರಿ ಮಂದೆ ಇತ್ತು. ಇದ್ದಿಲು, ಕೆಮ್ಮಣ್ಣು ಬಿಟ್ಟರೆ ಬೇರೆ ಬಣ್ಣವಿಲ್ಲ. ಹಿಂದೆ ಒಂದು ಗುಡ್ಡ, ಒಂದಕ್ಕೊಂದು ಒರಗಿದ ಎರಡು ಬಂಡೆ. ಮುಂದೆ ನೆಲಕ್ಕೆ ನೆಟ್ಟ ಕೋಲು, ಅದರ ಮೇಲೆ ಹೊದಿಸಿದ ಕಂಬಳಿ. ಆಳು ಮಾತ್ರ ಇಲ್ಲ. ಒಂದು ಕುರಿಯ ಕಾಲ ಬುಡದಲ್ಲಿ ಆಗ ತಾನೆ ಹುಟ್ಟಿದ ಮರಿ, ಅದರ ಒಂದು ಕಣ್ಣಿನ ಸುತ್ತ ಮಾತ್ರ ಕಪ್ಪು.

ಚೆನ್ನಾಗಿದೆ ಎಂದು ನೋಡುತ್ತ ನಿಂತವಳಿಗೆ ಕಿವಿಗಳು ಕಂಡವು. ಕುರಿಯವರು ತಮ್ಮ ಮಂದೆ ಗುರುತಿಗೆ ಕಿವಿ ಕತ್ತರಿಸುತ್ತಾರೆ, ಮನೆಮನೆಗೂ ಬೇರೆ ಬೇರೆ ಗುರುತು. ಗೋಡೆಯ ಮೇಲಿನ ಕುರಿಗಳಿಗೆ ಬಲಗಿವಿಯ ತುದಿ ಸೀಳಿತ್ತು, ಎಡಗಿವಿಯ ಕೆಳಗೆ ಒಂದು ಕಚ್ಚು. ಅದು ನಮ್ಮ ಮನೆಯ ಗುರುತು.

ಕೊಡ ಅಲ್ಲೇ ಬಿಟ್ಟು ಓಡಿದೆ. ಮೂವರೂ ಬಂದರು. ನಿಮ್ಮ ತಾತ ಗೋಡೆಗೆ ಮುಖ ತಾಗುವಷ್ಟು ಹತ್ತಿರ ನಿಂತು ನೋಡಿದರು. ಹಿಂಗಾಲಿನಿಂದ ಹೊರಟ ಗೆರೆ ಕಿವಿಯ ತನಕ ಎಲ್ಲೂ ಎತ್ತದೆ ಬಂದಿದೆ, ಇಂಥ ಕೈ ತಾನು ಕಂಡಿಲ್ಲ, ಇದು ನಮ್ಮೂರಿನವರದ್ದಲ್ಲ ಎಂದರು. ಬಗ್ಗಿ ನೆಲ ನೋಡಿದರು. ಅಷ್ಟು ದೊಡ್ಡ ಚಿತ್ರಕ್ಕೆ ಕೆಳಗೆ ಚೂರೂ ಇದ್ದಿಲ ಪುಡಿ ಬಿದ್ದಿರಲಿಲ್ಲ. ಅಣ್ಣ ಬಂಡೆಗಳನ್ನು ಗುರುತಿಸಿದ. ಹೊಳಲ್ಕೆರೆ ದಾಟಿ ಒಳಗೆ ಹೋದರೆ ಸಿಗುವ ಗುಡ್ಡ, ಚಿಕ್ಕವನಿದ್ದಾಗ ಅಪ್ಪ ಅಲ್ಲಿ ಒಮ್ಮೆ ಮಂದೆ ಬಿಟ್ಟಿದ್ದನಂತೆ. ಆಮೇಲೆ ಯಾವತ್ತೂ ಆ ಕಡೆ ಹೋಗಿರಲಿಲ್ಲ.

ಅಮ್ಮನ ಕಣ್ಣು ಕೋಲಿನ ಮೇಲೇ ಇತ್ತು. ಊಟಕ್ಕೋ ನೀರಿಗೋ ಹೋಗುವಾಗ ಅಪ್ಪ ಕೋಲು ನೆಟ್ಟು ಕಂಬಳಿ ಹೊದಿಸಿ ಹೋಗುತ್ತಿದ್ದ. ಒಡೆಯ ನಿಂತಿದ್ದಾನೆಂದು ಕುರಿ ಚದುರುವುದಿಲ್ಲ. ಕೋಲು ನಿಂತಿದೆ ಎಂದರೆ ಒಡೆಯ ಕೂಗಳತೆಯಲ್ಲೇ ಇದ್ದಾನೆಂದು ನಮ್ಮವರ ಲೆಕ್ಕ.

ಆ ದಿನ ಬಸ್ಸು ಸಿಕ್ಕದೆ ಮರುದಿನ ಹೊರಟು ಮಧ್ಯಾಹ್ನಕ್ಕೆ ಅಲ್ಲಿಗೆ ಮುಟ್ಟಿದೆವು. ಗುಡ್ಡ ಇತ್ತು, ಬಂಡೆ ಇದ್ದವು. ಕೆಳಗಿನ ಹೊಲದಲ್ಲಿ ನಮ್ಮ ಕುರಿಗಳಿದ್ದವು. ಕೋಲು ನೆಟ್ಟಿತ್ತು, ಕಂಬಳಿ ಗೋಡೆಯ ಮೇಲೆ ಕಂಡಂತೆಯೇ ಒಂದು ಬದಿಗೆ ಜಾರಿತ್ತು. ಹೊಲದ ಯಜಮಾನ ಬಂದು, ನಿಮ್ಮವರು ಕಾಲಿನ ಹುಣ್ಣಿನಿಂದ ನಡೆಯಲಾಗದೆ ಇಲ್ಲೇ ಉಳಿದಿದ್ದರು, ನಿನ್ನೆ ಹೊತ್ತೇರಿದ ಮೇಲೆ ಕೋಲು ನೆಟ್ಟು ನೀರಿಗೆ ಹೋಗಿ ಬರುತ್ತೇನೆ ಎಂದು ಹೋದರು, ಇನ್ನೂ ಬಂದಿಲ್ಲ ಎಂದ.

ಹುಡುಕೋಣ ಎಂದು ನಿಮ್ಮ ತಾತ ಎದ್ದರು. ಅಮ್ಮ ಬಿಡಲಿಲ್ಲ.

"ಕೋಲು ನಿಂತೈತಲ್ಲ, ಬರ್ತಾರೆ. ಕುಂತ್ಕಳ್ರಿ."

ನಮಗೂ ಹಾಗೇ ಅನ್ನಿಸಿತು. ಜಾಲಿ ಮರದ ನೆರಳಲ್ಲಿ ಕುಳಿತು ಹೊತ್ತು ಮುಳುಗುವ ತನಕ ಕಾದೆವು. ಆ ಅರ್ಧ ಹಗಲು ನಮ್ಮ ಕೈತಪ್ಪಿತು. ಕುರಿಯವರಲ್ಲದ ಬೇರೆ ಯಾರೇ ಆಗಿದ್ದರೂ ಆಗಲೇ ಹುಡುಕಲು ಹೊರಡುತ್ತಿದ್ದರು.

ಕಾಯುತ್ತಿದ್ದಾಗಲೇ ಆ ಮರಿ ನನ್ನ ಕಣ್ಣಿಗೆ ಬಿತ್ತು. ತಾಯಿಯ ಕಾಲ ಬುಡದಲ್ಲಿ ನಡುಗುತ್ತ ನಿಂತಿತ್ತು, ಒಂದು ಕಣ್ಣಿನ ಸುತ್ತ ಮಾತ್ರ ಕಪ್ಪು. ಯಜಮಾನನನ್ನು ಕೇಳಿದೆ. ನಿನ್ನೆ ರಾತ್ರಿ ಈದದ್ದು ಎಂದ. ನಾನು ಅದನ್ನು ಗೋಡೆಯ ಮೇಲೆ ನೋಡಿದ್ದು ಅದಕ್ಕೂ ಮುಂಚೆ, ನಿನ್ನೆ ಬೆಳಿಗ್ಗೆ. ಅಪ್ಪ ಕೋಲು ನೆಡುವುದಕ್ಕೂ ಮುಂಚೆ. ನಿಮ್ಮ ತಾತ ಮರಿಯನ್ನು ನೋಡಿದರು, ನನ್ನನ್ನು ನೋಡಿದರು.

ಆಮೇಲೆ ಬಾವಿಗಳಲ್ಲಿ ಹುಡುಕಿಸಿದೆವು, ಕೆರೆಯಲ್ಲಿ ಹುಡುಕಿಸಿದೆವು, ಪೊಲೀಸರಿಗೂ ಹೇಳಿದೆವು. ಅಪ್ಪನ ಒಂದು ಚಪ್ಪಲಿಯೂ ಸಿಗಲಿಲ್ಲ. ಹೊಲದಲ್ಲಿ ಮೇವು ಮುಗಿದು ಕುರಿಗಳು ಹಸಿವಿನಿಂದ ಅರಚತೊಡಗಿದವು. ಕೋಲು ಕೀಳಲು ಅಣ್ಣನಿಗೆ ಕೈ ಬರಲಿಲ್ಲ. ಕೊನೆಗೆ ಅಮ್ಮನೇ ಹೋಗಿ ಕಿತ್ತಳು. ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು ಮಂದೆಯ ಮುಂದೆ ನಡೆದಳು.

ದುರ್ಗಕ್ಕೆ ಬಂದ ದಿನ ಅಮ್ಮ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನಿಮ್ಮ ತಾತನಿಗೆ ಹೇಳಿದಳು.

"ಅಳಿಯಂದ್ರೆ, ಇದನ್ನ ಬರೆದೋರು ಅಲ್ಲಿ ನಿಂತು ನೋಡ್ಯಾರೆ. ನಮ್ಮನೆಯೋರು ಎಲ್ಲಿಗೆ ಹೋದ್ರು ಅಂಬೋದು ಅವರಿಗೆ ಗೊತ್ತೈತೆ. ನೀವು ಕೈ ನೋಡಿ ಆಳು ಹೇಳೋರು. ಹುಡುಕಿಕೊಡ್ರಿ."

ಮರಿಯ ಸಂಗತಿ ಹೇಳಬೇಕೆಂದು ನನ್ನ ಬಾಯಿಗೆ ಬಂದಿತ್ತು. ನಿಮ್ಮ ತಾತ ಬೇಡವೆಂದು ಕಣ್ಣಿನಲ್ಲೇ ಹೇಳಿದರು. "ಆಗಲಿ ಅತ್ತೆ, ನೋಡ್ತೀನಿ," ಎಂದರು.

ಅದರ ಕೆಲಸ ಇನ್ನೂ ಮುಗಿದಿಲ್ಲವೆಂದು ಬೇರೆ ಬರೆಯುವವರು ಯಾರೂ ಆ ಚಿತ್ರದ ಮೇಲೆ ಬರೆಯಲಿಲ್ಲ. ಮಳೆಗೆ ಇದ್ದಿಲು ಇಳಿದು ಹೋಯಿತು, ಉಳಿದದ್ದನ್ನು ಮಿಲ್ಲಿನವರು ಸುಣ್ಣ ಹೊಡೆಸಿ ಮುಚ್ಚಿದರು. ನಿಮ್ಮ ತಾತ ಮಾತ್ರ ಕೊಟ್ಟ ಮಾತು ಬಿಡಲಿಲ್ಲ. ಹಿರಿಯೂರು, ಹೊಸದುರ್ಗ, ಶ್ರೀರಾಂಪುರ, ಎಲ್ಲಿ ಕೆಲಸ ಸಿಕ್ಕರೂ ಮೊದಲು ಊರಿನ ಗೋಡೆಗಳನ್ನು ಸುತ್ತಿ ಬರುತ್ತಿದ್ದರು. ಬೋರ್ಡು ಬರೆಯುವ ಕೆಲಸ ನಿಂತ ಮೇಲೂ ಸುತ್ತಿದರು. ಎಷ್ಟೋ ಚೆಂದದ ಕೈಗಳನ್ನು ಕಂಡು ಬಂದು ನನಗೆ ಹೇಳುತ್ತಿದ್ದರು. ಆ ಕೈ ಮಾತ್ರ ಇನ್ನೊಂದು ಸಲ ಸಿಗಲಿಲ್ಲ. ಅಮ್ಮ ಅವರನ್ನು ಕಂಡಾಗಲೆಲ್ಲ ಏನೂ ಕೇಳದೆ ಮುಖ ನೋಡುತ್ತಿದ್ದಳು. ಬಳೆ ತೆಗೆಯದೆಯೇ ತೀರಿಕೊಂಡಳು.

ಯಾರಾದರೂ ಕುರಿಯವನೇ ದಾರಿಯಲ್ಲಿ ಹೋಗುವಾಗ ಬರೆದಿರಬಹುದೆಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮರಿಯ ಹತ್ತಿರ ಬಂದಾಗ ಆ ಲೆಕ್ಕ ನಿಂತುಬಿಡುತ್ತದೆ.

ಈಗ ನಿಮ್ಮ ತಾತನೂ ಇಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತರೆ ನಾನೂ ಗೋಡೆಗಳನ್ನು ನೋಡುತ್ತೇನೆ. ಹಿಂಗಾಲಿನಿಂದ ಕಿವಿಯ ತನಕ ಎತ್ತದೆ ಬಂದ ಗೆರೆ ಎಲ್ಲಾದರೂ ಕಂಡರೆ ಇಳಿಯಬೇಕು ಅಂದುಕೊಳ್ಳುತ್ತೇನೆ. ಇಳಿದು, ಬರೆದವರು ಎದುರಿಗೇ ಸಿಕ್ಕರೂ, ಅವರನ್ನು ಏನು ಕೇಳಬೇಕು ಎಂಬುದು ಇಷ್ಟು ವರ್ಷದ ಮೇಲೆ ನನಗೆ ಗೊತ್ತಿಲ್ಲ.