‘ಮಲಗಿದ್ದಾಳೆ’ ಎನ್ನಲಾಗದ ಭಾನುವಾರ

ಆ ಭಾನುವಾರ ನಾನು ಮಾಡಿದ ಕೆಲಸಗಳು: ನಾಲ್ಕೂವರೆಗೆ ನಳ ಬಂತು, ಎದ್ದು ಎರಡು ಬ್ಯಾರಲ್, ಆರು ಕೊಡ ತುಂಬಿದೆ. ಬಾಗಿಲಿಗೆ ನೀರು ಹಾಕಿದೆ. ಹನ್ನೆರಡು ರೊಟ್ಟಿ ಬಡಿದೆ. ಮೂಡಲಗಿಯಲ್ಲಿರುವ ಅಪ್ಪನಿಗೆಂದು ಶೇಂಗಾ ಚಟ್ನಿ ಕುಟ್ಟಿ ಡಬ್ಬಿಗೆ ತುಂಬಿದೆ. ಯಜಮಾನರ ಖಾಕಿ ಅಂಗಿಗೆ ಗುಂಡಿ ಹಚ್ಚಿದೆ. ಅಂಗನವಾಡಿ ಮಕ್ಕಳ ತೂಕದ ವಹಿ ಬಾಕಿ ಇತ್ತು, ಅರ್ಧ ಬರೆದೆ. ಮೂಡಲಗಿಗೆ ಹೋಗಿ ಬಂದೆವು. ತಂಗಿಯನ್ನು ನಾಲ್ಕು ಸಲ ಎಬ್ಬಿಸಿದೆ.

ಕೊನೆಯದನ್ನು ಆ ದಿನ ನಾನು ಕೆಲಸವೆಂದು ಎಣಿಸಿರಲಿಲ್ಲ. ಎಣಿಸುವ ಹೊತ್ತು ಆಮೇಲೆ ಬಂತು.

ತಂಗಿ ನನಗಿಂತ ಹದಿಮೂರು ವರ್ಷ ಚಿಕ್ಕವಳು. ಅವ್ವ ಬೇಗ ಹೋದದ್ದರಿಂದ ಅವಳಿಗೆ ಜಡೆ ಹೆಣೆದು ಸಾಲೆಗೆ ಕಳಿಸಿದವಳು ನಾನೇ. ಈಗ ಮುಂಬೈಯಲ್ಲಿದ್ದಾಳೆ, ಪ್ರಯಾಣಿಕರ ವಿಮಾನದಲ್ಲಿ ಕೋ-ಪೈಲಟ್. ರಜೆಯೆಂದು ಶನಿವಾರ ಬೆಳಿಗ್ಗೆ ಗೋಕಾಕಕ್ಕೆ, ನಮ್ಮ ಮನೆಗೆ ಬಂದಳು. ಸೋಮವಾರ ಸಂಜೆ ತಿರುಗಿ ಹೋಗುವುದಿತ್ತು. ಹಿಂದಿನ ರಾತ್ರಿಯೆಲ್ಲ ವಿಮಾನ ಹಾರಿಸಿ, ನಸುಕಿನಲ್ಲಿ ಇಳಿದು, ಮುಂದಿನ ವಿಮಾನದಲ್ಲಿ ತಾನೇ ಪ್ರಯಾಣಿಕಳಾಗಿ ಬೆಳಗಾವಿಗೆ ಬಂದಿದ್ದಳು. ಮುಖ ಅರ್ಧಂಬರ್ಧ ಒರೆಸಿಬಿಟ್ಟ ಪಾಟಿಯ ಹಾಗಿತ್ತು.

"ಅಕ್ಕಾ, ನನಗ ಏನೂ ಬ್ಯಾಡ. ಒಂದು ಕತ್ತಲ ಖೋಲಿ ಕೊಡು," ಅಂದಳು.

"ಕೊಡ್ತೇನಿ, ಮೊದಲ ಚಹಾ ಕುಡಿ," ಅಂದೆ.

ಚಹಾ ಆದ ಮೇಲೆ ಸ್ನಾನ, ಸ್ನಾನ ಆದ ಮೇಲೆ ಊಟ, ಊಟ ಆದ ಮೇಲೆ ಹುಕ್ಕೇರಿ. ಅಲ್ಲಿ ನಮ್ಮ ನಾದಿನಿಯ ಬಸುರಿ ಮಗಳ ಕುಬಸ ಇತ್ತು. ಊರಿಗೆ ಬಂದವಳನ್ನು ಮನೆಯಲ್ಲಿ ಬಿಟ್ಟು ನಾವಷ್ಟೇ ಹೋದರೆ ನಾದಿನಿ ಏನಂದಾಳು? ನನ್ನದೇ ಇಳಕಲ್ ಸೀರೆ ಉಡಿಸಿ ಕರೆದುಕೊಂಡು ಹೋದೆ. ಕುಬಸದ ಮನೆಯಲ್ಲಿ ಬಸುರಿಗಿಂತ ಪೈಲಟ್‌ಳ ಫೋಟೋಗಳೇ ಹೆಚ್ಚಾದವು. ಮೂಲೆಯಲ್ಲಿ ಕೂತಿದ್ದ ಒಬ್ಬ ಕಾಕು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅಲ್ಲವಾ, ಈಗಿನ ವಿಮಾನ ತನ್ನಷ್ಟಕ್ಕ ತಾನ ಹಾರತೈತಂತಲ್ಲ. ಮತ್ತ ನಿನಗೇನ ಕೆಲಸ?"

"ನೋಡ್ಕೋತ ಕೂಡೂದರಿ ಕಾಕು."

"ಬರೇ ನೋಡ್ಕೋತ ಕೂತಿದ್ದಕ್ಕ ಪಗಾರಾ? ನನ್ನ ಗಂಡಗೂ ಅಲ್ಲೇ ಹಚ್ಚವಾ. ಲಗ್ನ ಆದಾಗಿಂದ ಅಂವ ಅದನ್ನ ಮಾಡಾಕತ್ತಾನ."

ಪಡಸಾಲೆಯೇ ನಕ್ಕಿತು. ತಂಗಿಯೂ ನಕ್ಕಳು, ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ. ಮಾತು ಅವಳನ್ನು ಮುಟ್ಟಲು ಅಷ್ಟು ಹೊತ್ತು ಹಿಡಿದಿತ್ತು. ನಾನು ಅದನ್ನು ನೋಡಿದೆ. ನೋಡಿ, ಬಡಿಸುವುದಕ್ಕೆ ಎದ್ದೆ.

ತಿರುಗಿ ಬರುವಾಗ ಕಾರಿನ ಮುಂದಿನ ಸೀಟಿನಲ್ಲಿ ಮಲಗಿಬಿಟ್ಟಳು. ಘಟಪ್ರಭಾದಲ್ಲಿ ಯಜಮಾನರು ಬಾಳೆಹಣ್ಣು ಕೊಳ್ಳಲು ಗಾಡಿ ನಿಲ್ಲಿಸಿದಾಗ ಗಡಬಡಿಸಿ ಎದ್ದು, ತಲೆಯ ಮೇಲಕ್ಕೆ ಕೈ ಚಾಚಿ ಏನೋ ತಡಕಾಡಿದಳು. ಅಲ್ಲಿ ವಿಮಾನದ ಗುಂಡಿಗಳೇನೂ ಇರಲಿಲ್ಲ, ಕಾರಿನ ಮಾಸಿದ ಚಾವಣಿ ಅಷ್ಟೆ. "ಏನ ಬೇಕವಾ?" ಅಂದೆ. "ಏನಿಲ್ಲ," ಅಂದು ಕೈ ಇಳಿಸಿದಳು. ಮನೆಗೆ ಬಂದರೆ ಓಣಿಯ ಹೆಂಗಸರು ಕಾಯುತ್ತಿದ್ದರು. ಅವರೆಲ್ಲ ಎದ್ದು ಹೋಗುವಾಗ ಹತ್ತೂವರೆ.

ಭಾನುವಾರ ನಸುಕಿನಲ್ಲಿ ನಳದ ನೀರು ಬ್ಯಾರಲ್ಲಿಗೆ ಬೀಳುವ ಸಪ್ಪಳಕ್ಕೆ ಅವಳು ಹೊರಳಾಡುವುದು ಕೇಳಿಸುತ್ತಿತ್ತು. ಆರಕ್ಕೆ ಎಬ್ಬಿಸಿದೆ, ಚಹಾ ಆರುತ್ತದೆಂದು. ಅದು ಒಂದನೆಯ ಸಲ.

ಅಪ್ಪ ಮೂಡಲಗಿಯಲ್ಲಿ ನಮ್ಮ ತಮ್ಮನ ಮನೆಯಲ್ಲಿರುತ್ತಾನೆ. ಕಲ್ಲೋಳಿಯ ಸುತ್ತಮುತ್ತ ಮಂದಿಯ ಹೊಲದಲ್ಲಿ ಕೂಲಿ ಮಾಡಿ ನಮ್ಮ ಮೂವರನ್ನೂ ಓದಿಸಿದವನು. ನಾವು ಹೋದೊಡನೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ಮೇಲಿನಿಂದ ನೋಡಿದರೆ ಮಳೆ ಹೆಂಗ ಕಾಣತೈತಿ ಹೇಳು ಅಂದ. ಅವಳು ಹೇಳತೊಡಗಿದಳು. "ಮಳಿ ಕಾಣೂದಿಲ್ಲಪ್ಪಾ, ಮೋಡ ಅಷ್ಟ, ಅದರ ಹೊಟ್ಟಿಯೊಳಗ..." ಅಂದವಳು ಅಲ್ಲಿಗೇ ನಿಂತಳು. ಕೈಯಲ್ಲಿ ಚುರುಮುರಿ ಸೂಸಲದ ಬಟ್ಟಲು ಹಾಗೇ ಇತ್ತು, ಕಣ್ಣು ಮುಚ್ಚಿದ್ದವು. ಬಟ್ಟಲು ವಾಲುವ ಮೊದಲು ನಾನು ಭುಜ ಅಲುಗಿಸಿದೆ. ಅದು ಎರಡನೆಯ ಸಲ.

"ಕೂತ್ರ ಹಂಗ ನಿದ್ದಿ ಬರತೈತಿ. ಎದ್ದ ನಾಕ ಹೆಜ್ಜಿ ಅಡ್ಡಾಡು," ಅಂದ ಅಪ್ಪ, ಪ್ರೀತಿಯಿಂದಲೇ.

ನಮ್ಮ ಮನೆಯಲ್ಲಿ ದಣಿವಿಗೆ ಇದ್ದದ್ದು ಅದೊಂದೇ ಔಷಧ. ಅವ್ವ ಮೈ ಕಾದಾಗಲೂ ಕಳೆ ಕೀಳಲು ಹೋಗಿ, ಬದುವಿನ ಮೇಲೆ ಗಳಿಗೆ ಕೂತು, ಮತ್ತೆ ಏಳುತ್ತಿದ್ದಳು. ದಣಿದಿದ್ದೇನೆ, ಇವತ್ತು ಬರುವುದಿಲ್ಲ ಎಂಬ ಮಾತನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಹೇಳಿದರೆ ಕೇಳುವವರಾದರೂ ಯಾರಿದ್ದರು?

ಹನ್ನೆರಡಕ್ಕೆ ಗೋಕಾಕ. ಕಾರಿನಲ್ಲಿ ಮಲಗಿದವಳನ್ನು ಊಟಕ್ಕೆಂದು ಎಬ್ಬಿಸಿದೆ, ಮೂರನೆಯ ಸಲ. ಎರಡು ತುತ್ತು ಉಂಡು ಒಳಖೋಲಿ ಸೇರಿದಳು. ಕಿಟಕಿಗೆ ಚಾದರ ಕಟ್ಟಿದೆ. ಅವಳ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಚ್ಚಿದ್ದಿತ್ತು. ಒಂದೂಕಾಲಿಗೆ ಅದು ರಿಂಗಾಯಿತು. ಸಪ್ಪಳಕ್ಕೆ ಎದ್ದಾಳೆಂದು ಓಡಿಹೋಗಿ ಎತ್ತಿದೆ.

ಅವಳ ಆಫೀಸಿನವರು, ಯಾರಿಗೆ ಯಾವಾಗ ಡ್ಯೂಟಿ ಎಂದು ಹಂಚುವವರು. ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, ಮೇಡಂ ಇದ್ದಾರಾ ಎಂದು ಕೇಳಿದರು.

ಮಲಗಿದ್ದಾಳೆ ಎಂದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಅದು ಬರಲಿಲ್ಲ. ಹಗಲು ಹೊತ್ತಿನಲ್ಲಿ ಮನೆಯ ಹೆಣ್ಣುಮಗಳು ಮಲಗಿದ್ದಾಳೆ ಎಂದು ಹೊರಗಿನವರಿಗೆ ಹೇಳುವುದೆಂದರೆ ಅವಳ ಮಾನ ತೆಗೆದ ಹಾಗೆ. ಅತ್ತೆಯ ಮನೆಯಲ್ಲಿ ಇಪ್ಪತ್ತು ವರ್ಷ ಕಲಿತದ್ದು ಅದನ್ನೇ: ಬಾಗಿಲಿಗೆ ಯಾರಾದರೂ ಬಂದರೆ ಹಿತ್ತಲಲ್ಲಿದ್ದಾಳೆ ಅನ್ನು, ಬಟ್ಟೆ ಒಗೆಯುತ್ತಿದ್ದಾಳೆ ಅನ್ನು, ಮಲಗಿದ್ದಾಳೆ ಅನ್ನಬೇಡ. ಇನ್ನು ಆಫೀಸಿನವರಿಗೆ ಹೇಳುವುದೆಂದರೆ!

"ಕಾಮ್ ಮೇ ಹೈ ಭೈಯಾ. ಮೈ ಬಡೀ ಬೆಹೆನ್," ಅಂದೆ, ಕೆಲಸದಲ್ಲಿದ್ದಾಳೆ, ನಾನು ಅವಳ ಅಕ್ಕ ಎಂದು.

ಒಬ್ಬರು ಆರಾಮಿಲ್ಲದೆ ಬಿದ್ದಿದ್ದಾರೆ, ನಾಳೆ ಮುಂಜಾನೆಯ ಡ್ಯೂಟಿಗೆ ಮೇಡಂ ಬರಬಹುದಾ, ಸಾಕಷ್ಟು ವಿಶ್ರಾಂತಿ ಆಗಿದೆಯಾ ಎಂದು ಕೇಳಿದರು.

"ಹಾಂ ಹಾಂ. ಖಾನಾ ಖಾಯಾ, ಸೋಯಾ, ಏಕದಮ್ ಅಚ್ಛೀ ಹೈ. ಆಯೇಗಿ."

ಅವರು ಥ್ಯಾಂಕ್ಯೂ ಹೇಳಿ, ಮೆಸೇಜ್ ಕಳಿಸುತ್ತೇನೆ, ಮೇಡಂಗೆ ನೋಡಲು ಹೇಳಿ ಎಂದು ಇಟ್ಟರು. ಮುಂಬೈಯ ಆಫೀಸಿನೊಂದಿಗೆ ಹಿಂದಿಯಲ್ಲಿ ಮಾತಾಡಿ ಮುಗಿಸಿದೆನೆಂದು ನನಗೆ ಹೆಮ್ಮೆ. ಇನ್ನೊಂದು ತಾಸು ಮಲಗಲಿ ಎಂದು ಬಿಟ್ಟೆ. ಅದನ್ನು ದೊಡ್ಡ ಉಪಕಾರವೆಂದುಕೊಂಡೆ. ಎರಡೂವರೆಗೆ ಎಬ್ಬಿಸಿದೆ. ನಾಲ್ಕನೆಯ ಸಲ.

ಫೋನು ನೋಡಿದವಳು ಮಂಚದ ಅಂಚಿನಲ್ಲಿ ಹಾಗೇ ಕೂತಳು.

"ಅಕ್ಕಾ, ಅವರಿಗೆ ಏನ ಹೇಳಿದಿ?"

"ಬರ್ತಾಳ ಅಂದೆ. ಯಾಕ?"

"ರಜಾ ಇತ್ತವಾ. ಅವರು ಕೇಳಾಕ ಫೋನ ಮಾಡಿದ್ರು. ಆಗೂದಿಲ್ಲ ಅಂದಿದ್ರ ಇನ್ನೊಬ್ಬರಿಗೆ ಮಾಡತಿದ್ರು. ಈಗ ನನ್ನ ಹೆಸರ ಹಾಕ್ಯಾರ."

ನಾಲ್ಕಕ್ಕೆ ಮನೆ ಬಿಟ್ಟು ಬೆಳಗಾವಿ, ಅಲ್ಲಿಂದ ಸಂಜೆಯ ವಿಮಾನಕ್ಕೆ ಮುಂಬೈ, ನಸುಕಿನ ಮೂರಕ್ಕೆ ಎದ್ದು ಡ್ಯೂಟಿ. ನಾಲ್ಕು ಸಲ ಏರಿಸಬೇಕು, ನಾಲ್ಕು ಸಲ ಇಳಿಸಬೇಕು. ಒಂದೊಂದು ಸಲಕ್ಕೂ ನೂರೆಂಬತ್ತು ಮಂದಿ. ಅವಳು ಇದನ್ನೆಲ್ಲ ದನಿ ಏರಿಸದೆ ಹೇಳಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಯಜಮಾನರು ಕಾರಿನ ಕೀಲಿಕೈ ಹಿಡಿದು ಬಂದರು. ಅವರು ಸರಕಾರಿ ಬಸ್ಸಿನ ಡ್ರೈವರ್.

"ಏಳ್ರಿ ಪೈಲಟ್‌ಬಾಯಿಯವರ. ನಾ ಬಿಡ್ತೇನಿ ಬೆಳಗಾವಿಗೆ. ನಿದ್ದಿಗೆ ಇಷ್ಟ ಯಾಕ ಅಂಜತೀರಿ? ಇಪ್ಪತ್ತೊಂದ ವರ್ಷ ಸ್ಟೇರಿಂಗ್ ಹಿಡದೇನಿ. ಮಾರಿಗೆ ನೀರ ಹೊಡಕೋ, ಎಲಿ ಅಡಿಕಿ ಹಾಕ್ಕೋ, ಹಾಡ ಹಚ್ಚು. ಮುಗೀತು."

ತಂಗಿ ಅವರನ್ನೇ ನೋಡಿದಳು.

"ಕೇಳ್ರಿ ಮಾಮಾ. ಹೋದ ವಾರ ನಾಕ ದಿನ ನಸುಕಿನ ಡ್ಯೂಟಿ, ಆಮ್ಯಾಲ ಸಾಲಾಗಿ ಎರಡ ರಾತ್ರಿ. ಮೈಗೆ ಹಗಲ ಯಾವುದು ರಾತ್ರಿ ಯಾವುದು ತಿಳಿಯೂದ ಬಿಟ್ಟೈತಿ. ಹಗಲ ಹೋಟೆಲ್ಲಿನಾಗ ಮಲಗಬೇಕಂದ್ರ ಬಾಜೂ ಖೋಲಿಯೊಳಗ ಡ್ರಿಲ್ ಹಚ್ಚಿದ್ರು. ಎರಡನೇ ರಾತ್ರಿ ಇಳಿಸಾಕ ಬರೂಮುಂದ, ಇಷ್ಟ ಎತ್ತರಕ್ಕ ಇಳೀರಿ ಅಂತ ಕೆಳಗಿನವರು ರೇಡಿಯೋದಾಗ ಹೇಳಿದ್ರು. ನಾ ಅದನ್ನ ತಿರುಗಿ ಸರಿಯಾಗೇ ಹೇಳಿದೆ. ಖರೆ ಕೈ ಯಂತ್ರದಾಗ ಇಟ್ಟಿದ್ದು ಬ್ಯಾರೆ ಅಂಕಿ."

"ಆಮ್ಯಾಲ?"

"ಕ್ಯಾಪ್ಟನ್ ನೋಡಿ ಸರಿ ಮಾಡಿದ್ರು. ಐದ ಮಿನಿಟಿಗೆ ರೇಡಿಯೋದಾಗ ಇನ್ನೊಂದ ಕರೆ ಬಂತು, ಅವರಿಗೆ ಕೇಳಸಲೇ ಇಲ್ಲ. ನಾ ಉತ್ತರ ಕೊಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ಎಬ್ಬಿಸ್ಕೋತ ಇಳದ್ವಿ. ಮಂದಿ ನಮಗ ಥ್ಯಾಂಕ್ಯೂ ಹೇಳಿ ಹೋದ್ರು."

"ಹಂಗಿದ್ರ ಆಗೂದಿಲ್ಲ ಅಂತ ಈಗ ಹೇಳು," ಅಂದೆ ನಾನು. ನನ್ನ ದನಿ ನನಗೇ ಅಳುವ ಹಾಗೆ ಕೇಳಿಸಿತು.

"ಹೇಳಬೇಕಂದ್ರ ದಣಿವು ಅಂತನ ಹೇಳಬೇಕು. ಒಂದೂವರಿ ತಾಸಿನ ಹಿಂದ ಅಕ್ಕ ಏಕದಮ್ ಅಚ್ಛೀ ಅಂದಾಳ. ಮುಂದಿನ ತಿಂಗಳ ನನ್ನ ಕ್ಯಾಪ್ಟನ್ ಪರೀಕ್ಷಾ ಐತಿ. ಎಂಟ ವರ್ಷ ಕಾದೇನಿ. ಹೆಣ್ಣಮಗಳ ಕೈಲೆ ಆಗೂದಿಲ್ಲ ಅನ್ನಾಕ ಯಾರರೆ ಕಾಯ್ಕೊಂಡ ಕುಂತಿರತಾರ. ಅವರ ಕೈಗೆ ನಾನ ಕಾಗದ ಕೊಟ್ಟಂಗ."

"ಅದಕ್ಕ ಅನ್ನಾಕತ್ತೇನಿ, ಇದೊಂದ ದಿನ ಹೋಗಿಬಿಡ್ರಿ," ಅಂದರು ಯಜಮಾನರು. "ಒಂದ ದಿನದಾಗ ಏನಾಗತೈತಿ?"

"ಮಾಮಾ, ನಾಳೆ ನಾ ಇಳಿಸೂ ವಿಮಾನದಾಗ ನೀವು ಅಕ್ಕನ್ನ ಕೂಡಸ್ತೀರೇನು?"

ಯಜಮಾನರು ಮಾತಿನವರು. ಬಸ್ಸಿನಲ್ಲಿ ಜಗಳ ಹತ್ತಿದರೂ ಎರಡೂ ಕಡೆಯವರನ್ನು ನಗಿಸಿ ಇಳಿಸುತ್ತಾರೆ. ಈಗ ಕೀಲಿಕೈಯನ್ನು ಒಮ್ಮೆ ಅಂಗೈಯಲ್ಲಿ ಹೊರಳಿಸಿದರು. ಆಮೇಲೆ ಹೋಗಿ ಅದನ್ನು ಗೋಡೆಯ ಮೊಳೆಗೆ ಸಿಗಿಸಿ, "ಯಾಕೋ ಹಿಂದಿನ ಟಾಯರದಾಗ ಗಾಳಿ ಕಡಿಮಿ ಐತಿ," ಅಂದರು.

ಮುಂಜಾನೆ ಮೂಡಲಗಿಗೆ ಹೋಗುವಾಗ ಅವರೇ ನಾಲ್ಕೂ ಟಾಯರಿಗೆ ಗಾಳಿ ಹಿಡಿಸಿದ್ದರು.

ತಂಗಿ ಫೋನು ಮಾಡಿದಳು. ಇಂಗ್ಲಿಷಿನಲ್ಲಿ ಮಾತು. ನನಗೆ ತಿಳಿದದ್ದು ‘ಸಾರಿ’ ಮತ್ತು ‘ಫಟೀಗ್’, ಅದನ್ನು ಅವಳು ಮೂರು ಸಲ ಹೇಳಿದಳು. ಆ ಕಡೆಯ ದನಿ ಮರ್ಯಾದೆಯಲ್ಲೇ ಬಿಗಿಯಾಯಿತು. ದೀದಿ ಹೇಳಿದರಲ್ಲ, ಚೆನ್ನಾಗಿ ಮಲಗಿದ್ದಾರೆಂದರಲ್ಲ ಎಂದು ಹಿಂದಿಗೆ ಬಂತು. ತಂಗಿ ಏನೋ ಹೇಳಲು ತಡವರಿಸಿದಳು. ನಾನು ಕೈ ಚಾಚಿ ಫೋನು ಇಸಿದುಕೊಂಡೆ.

"ಭೈಯಾ, ಮೈ ಝೂಟ್ ಬೋಲಿ. ವೋ ಸೋಯೀ ನಹೀ. ಮೈನೇ ಸೋನೇ ನಹೀ ದಿಯಾ."

ಸುಳ್ಳು ಹೇಳಿದೆ, ಅವಳು ಮಲಗಿಲ್ಲ, ನಾನೇ ಮಲಗಗೊಡಲಿಲ್ಲ ಎಂದು ನನಗೆ ಬಂದ ಹಿಂದಿಯಲ್ಲಿ ಒಪ್ಪಿಕೊಂಡೆ. ಸರಿ, ಮೇಡಂಗೆ ಫಾರ್ಮ್ ತುಂಬಲು ಹೇಳಿ ಎಂದು ಇಟ್ಟುಬಿಟ್ಟರು. ಸಿಟ್ಟೋ ಬೇಸರವೋ ಗೊತ್ತಾಗಲಿಲ್ಲ. ಪಾಪ, ಅವರೂ ಇನ್ನೊಬ್ಬರನ್ನು ಹುಡುಕಬೇಕಿತ್ತು. ಭಾನುವಾರ ಮಧ್ಯಾಹ್ನ ಇನ್ಯಾವ ಮನೆಯಲ್ಲಿ ಫೋನು ರಿಂಗಾಯಿತೋ.

ಫಾರ್ಮ್ ಅವಳ ಟ್ಯಾಬಿನಲ್ಲಿತ್ತು. ಎರಡು ದಿನದಲ್ಲಿ ಎಷ್ಟು ಹೊತ್ತು ಮಲಗಿದಿರಿ, ಯಾವಾಗಿನಿಂದ ಯಾವಾಗಿನವರೆಗೆ. ಅವಳಿಗೆ ನೆನಪಾಗಲಿಲ್ಲ, ಶನಿವಾರವೂ ಭಾನುವಾರವೂ ಒಂದರೊಳಗೊಂದು ಕಲೆತಿದ್ದವು. ನಾನು ಹೇಳುತ್ತಾ ಹೋದೆ: ಹುಕ್ಕೇರಿಯಿಂದ ಘಟಪ್ರಭಾದವರೆಗೆ ಅರ್ಧ ತಾಸು, ರಾತ್ರಿ ಹನ್ನೊಂದರಿಂದ ನಳ ಬರುವವರೆಗೆ, ಮೂಡಲಗಿಯಿಂದ ಬರುವಾಗ ಕಾರಿನಲ್ಲಿ, ಮಧ್ಯಾಹ್ನ ಒಂದೂವರೆ ತಾಸು. ಅವಳು ಬರೆದುಕೊಂಡಳು. ಅಂಗನವಾಡಿಯಲ್ಲಿ ಊಟವಾದ ಮೇಲೆ ಇಪ್ಪತ್ತು ಮಕ್ಕಳನ್ನು ತಟ್ಟಿ ಮಲಗಿಸುವವಳು ನಾನು. ಒಂದು ಮಗು ಕಣ್ಣು ಮುಚ್ಚಿದ್ದರೆ ಅದರ ಅವ್ವ ಬಂದರೂ ಬಾಗಿಲಲ್ಲೇ ನಿಲ್ಲಿಸುತ್ತೇನೆ.

"ನಿದ್ದಿ ಯಾಕ ಆಗಲಿಲ್ಲ ಅಂತ ಕೇಳ್ಯಾರೇನು?" ಅಂದೆ.

"ಕೇಳ್ಯಾರ."

"ನನ್ನ ಹೆಸರ ಬರಿ."

"ಅಕ್ಕಾ, ನಿನಗ ಬರಿಯೂವಷ್ಟು ಜಾಗಾ ಇಲ್ಲ ಇಲ್ಲಿ," ಅಂದು ಎರಡು ದಿನದಲ್ಲಿ ಮೊದಲ ಸಲ ತಡಮಾಡದೆ ನಕ್ಕಳು. "ನೀ ಎಬ್ಬಿಸದಿದ್ರೂ ಇದು ಇರತಿತ್ತು. ಶನಿವಾರ ಹೊತ್ಕೊಂಡ ಬಂದೇನಿ. ಎರಡ ದಿನದಾಗ ಹೋಗೂದಲ್ಲ ಇದು."

ನನ್ನನ್ನು ಸಮಾಧಾನ ಮಾಡಲು ಹೇಳಿದಳೋ, ಖರೆಯೋ, ಎರಡೂ ಇರಬಹುದು. ಪರೀಕ್ಷೆಯ ಮಾತನ್ನು ಅವಳೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಕೊನೆಯ ಗುಂಡಿ ಒತ್ತುವ ಮೊದಲು ಬೆರಳನ್ನು ಬಹಳ ಹೊತ್ತು ಎತ್ತಿ ಹಿಡಿದಿದ್ದಳು. ಒತ್ತಿದ ಮೇಲೆ ಟ್ಯಾಬನ್ನು ಬೋರಲಾಗಿ ಇಟ್ಟಳು.

ಎಂಟಕ್ಕೆ ಊಟ ಮಾಡಿದೆವು. ಮುಂಜಾನೆಯ ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ತಂಗಿ ಅರ್ಧ ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ ತಿಂದಳು. ಇನ್ನರ್ಧವನ್ನು ನಾನು ಅವಳ ತಾಟಿಗೆ ಹಾಕಲಿಲ್ಲ. ಯಜಮಾನರಿಗೆ ಮರುದಿನ ಐದರ ಬಸ್ಸು. ಎಂದೂ ಒಂಬತ್ತರ ಸುದ್ದಿ ನೋಡದೆ ಏಳದವರು ಆ ದಿನ ಎಂಟೂವರೆಗೇ ಟೀವಿ ಆರಿಸಿ ಹೋಗಿ ಮಲಗಿದರು. ಮೊದಲು ಮಲಗಿದ್ದು ಅವರು. ನಾನು ತಂಗಿಯ ಬಾಜೂ ಹಾಸಿಕೊಂಡೆ. ಅವಳು ಮೇಲೆ ನೋಡುತ್ತಾ ಬಿದ್ದುಕೊಂಡಿದ್ದಳು.

"ನಿದ್ದಿ ಬರಾಕತ್ತಿಲ್ಲ ಅಕ್ಕಾ."

"ಬರತೈತಿ ತೊಗೊ," ಅಂದೆ. ಅವಳ ಬೆನ್ನು ತಟ್ಟತೊಡಗಿದ್ದು ನೆನಪಿದೆ, ನಿಲ್ಲಿಸಿದ್ದು ನೆನಪಿಲ್ಲ. ಅವಳಿಗಿಂತ ಮೊದಲು ನಾನೇ ಮಲಗಿದೆ.